ಬೀದರ್ ಬಿಸಿಲಿನಲ್ಲಿ ಎರಡು ದಿನದ ಕಿರುಚಿತ್ರ

ಧಾರಾವಾಹಿಗಳಲ್ಲಿ ಸಹಾಯಕ ನಿರ್ದೇಶಕರಾಗಲು ಬೆಂಗಳೂರಿಗೆ ಹೊರಟವರು ಒಂದು ಕಿರುಚಿತ್ರ ಮುಗಿಸಿಕೊಂಡೇ ಹೋಗಿ. 8 ಪುಟದ ಕಥೆ ಸಾಕು. ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ. ಹೊಸ ತಂಡಕ್ಕೆ ದಿನಕ್ಕೆ 4 ಪುಟವೇ ಹೆಚ್ಚು.

ಮೊದಲು ಬ್ರೇಕ್‌ಡೌನ್ ಹಾಳೆ ಬರೆಯಿರಿ: ದೃಶ್ಯ ಒಳಗೋ ಹೊರಗೋ, ಹಗಲೋ ರಾತ್ರಿಯೋ, ಯಾರ‍್ಯಾರು, ಯಾವ ಬಟ್ಟೆ, ಯಾವ ಸಾಮಾನು. ಆಮೇಲೆ ಕಥೆಯ ಕ್ರಮ ಬಿಟ್ಟು ಜಾಗದ ಕ್ರಮದಲ್ಲಿ ಜೋಡಿಸಿ. ಹೀಗೆ ಹಿಂದುಮುಂದಾಗಿ ತೆಗೆಯುವುದರಿಂದಲೇ ಕಂಟಿನ್ಯೂಟಿ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ಇರಬೇಕಾದ ಹೊಂದಿಕೆ, ತಪ್ಪುವುದು. ಪ್ರತಿ ಶಾಟ್ ಮುಗಿದ ಕೂಡಲೇ ನಟರ ಫೋಟೊ ತೆಗೆದಿಡಿ. ಟವೆಲ್ ಯಾವ ಹೆಗಲ ಮೇಲಿತ್ತು, ಕಪ್ಪಿನಲ್ಲಿ ಚಹಾ ಎಷ್ಟಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಬೇಸಿಗೆಯಾದರೆ ಹೊರಗಿನ ದೃಶ್ಯ ಬೆಳಿಗ್ಗೆ 6ರಿಂದ 10, ಮತ್ತೆ ಸಂಜೆ 4.30ರ ನಂತರ. ನಡುಹಗಲು ಮನೆಯೊಳಗಿನದು ಮುಗಿಸಿ. ನೆತ್ತಿಯ ಬಿಸಿಲಿಗೆ ಕಣ್ಣಗುಳಿಯಲ್ಲಿ ಕಪ್ಪು ನೆರಳು ಬೀಳುತ್ತದೆ, ಮೊಬೈಲ್ ಕಾದು ರೆಕಾರ್ಡಿಂಗ್ ನಿಲ್ಲುತ್ತದೆ.

ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್. 1/60 ಇಟ್ಟರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿನುಗಬಹುದು. ಬಿಸಿಲಲ್ಲಿ ಬೆಳಕು ಹೆಚ್ಚಾದರೆ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿ, ಶಟರ್ ಮುಟ್ಟಬೇಡಿ. ಕೋಟೆಯ ಕೆಂಪು ಕಲ್ಲಿನ ಮುಂದೆ ಆಟೊ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಹೊಂದಿಸಿಕೊಳ್ಳುವ ವ್ಯವಸ್ಥೆ) ಶಾಟ್‌ನಿಂದ ಶಾಟ್‌ಗೆ ಮುಖದ ಬಣ್ಣ ಬದಲಿಸುತ್ತದೆ. ಹಗಲಿಗೆ 5600 ಕೆಲ್ವಿನ್‌ಗೆ ಕಟ್ಟಿಹಾಕಿ.

ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ, ಕಲಬುರಗಿ ಕೋಟೆ ಮೂರೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಶೂಟಿಂಗ್ ಮಾಡಲು ಅನುಮತಿ ಪತ್ರ ಕೈಗೆ ಬರುವ ಮೊದಲು ನಟರಿಗೆ ದಿನಾಂಕ ಕೊಡಬೇಡಿ. ಬೀದರಿನಲ್ಲಿ ವಾಯುನೆಲೆ ಇರುವುದರಿಂದ ಡ್ರೋನ್ ಶಾಟ್ ಕೈಬಿಡುವುದೇ ಜಾಣತನ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತಿಗೆ ಕೊಡಿ. ‘ಏನು ಮಾಡುತ್ತಿದ್ದೀಯ’ ಎಂದು ಬರೆದುಕೊಟ್ಟರೆ ನಟ ಪಾಠ ಒಪ್ಪಿಸುತ್ತಾನೆ. ‘ಏನ್ ಮಾಡ್ಲತ್ತಿ’ ಎಂದು ನಮ್ಮ ಬೀದರ್ ಕಡೆಯ ಮಾತಿನಲ್ಲೇ ಬರೆಯಿರಿ. ಹಿರಿಯರಿಗಾದರೆ ‘ಏನ್ ಮಾಡ್ಲತ್ತೀರಿ’. ನಮ್ಮ ಭಾಷೆಯನ್ನು ನಗಿಸುವ ಪಾತ್ರಕ್ಕಷ್ಟೇ ಇಟ್ಟು, ಅಳುವ ಹೊತ್ತಿಗೆ ಪುಸ್ತಕದ ಕನ್ನಡಕ್ಕೆ ಹೊರಳುವುದು ದೊಡ್ಡ ತಪ್ಪು. ತಾಯಿ ಸಿಟ್ಟಿಗೇಳುವುದೂ ಸಮಾಧಾನ ಹೇಳುವುದೂ ಒಂದೇ ಮಾತಿನಲ್ಲಿ ಇರಬೇಕು. ಶೂಟಿಂಗ್‌ಗೆ ಎರಡು ದಿನ ಮೊದಲು ಎಲ್ಲರನ್ನೂ ಕೂಡಿಸಿ ಜೋರಾಗಿ ಓದಿಸಿ, ಬಾಯಿಗೆ ತೊಡರುವ ಸಾಲು ಅಲ್ಲೇ ತಿದ್ದಿ.

ಮಾತು ತೆಗೆಯುವಾಗ ಫ್ಯಾನು, ಕೂಲರ್ ಬಂದ್. ಕಾಲರ್ ಮೈಕ್ ಬಟ್ಟೆಗೆ ಉಜ್ಜದಂತೆ ಟೇಪ್ ಹಚ್ಚಿ. ಜಾಗ ಬಿಡುವ ಮುನ್ನ ಎಲ್ಲರೂ ಸುಮ್ಮನೆ ನಿಂತು 30 ಸೆಕೆಂಡ್ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡಿ. ಮಾತಿನ ನಡುವೆ ಕತ್ತರಿಸಿದ ಕಡೆ ಎಡಿಟರ್ ತುಂಬುವುದು ಅದನ್ನೇ.