ಅಡಿಕೆ ಡ್ರೈಯರ್‌ನಲ್ಲಿ 10 ಕೋಟಿ ವರ್ಷದ ಹಲ್ಲು: ನನ್ನ ಅನುಭವ

ಪಳೆಯುಳಿಕೆಯಾಗಿ ಸಿಗುವ ಬಿಡಿ ಹಲ್ಲು ನೋಡಿ ಮೀನಿನ ಕುಲ ಹೇಳೋದು ಗಿಣಿಶಾಸ್ತ್ರ ಅಂತ ನಮ್ಮವರೇ ನಗುತ್ತಿದ್ದರು. ಅದೂ ಶಿವಮೊಗ್ಗದಲ್ಲಿ ಕೂತು! ಇಲ್ಲಿನ ಬಂಡೆಗಳಿಗೆ 250 ಕೋಟಿ ವರ್ಷ ದಾಟಿದೆ, ಆಗ ಮೀನೇ ಇರಲಿಲ್ಲ. ನಾನು ಹಲ್ಲು ಹುಡುಕುವ ಮಣ್ಣು ಬರುವುದು ತಮಿಳುನಾಡಿನ ಕಾರೈ ಕಡೆಯಿಂದ. ಡೈನೋಸಾರ್‌ಗಳಿದ್ದ ಕ್ರಿಟೇಷಿಯಸ್ ಕಾಲದ ಜೇಡಿ, ಸುಮಾರು 10 ಕೋಟಿ ವರ್ಷದ್ದು. ಅಲ್ಲಿನ ಕಾಲೇಜಿನ ಗೆಳೆಯರು ಲಾರಿಗೆ ಚೀಲ ಹಾಕುತ್ತಾರೆ, ನಾನು ಹಲ್ಲು ಆರಿಸಿ ವಾಪಸ್ ಕಳಿಸುತ್ತೇನೆ.

ಒಣಗಿಸಿ, ಸೀಮೆಎಣ್ಣೆಯಲ್ಲಿ ನೆನೆಸಿ, ಬಸಿದು ನೀರು ಹಾಕಿದರೆ ಜೇಡಿ ಬಿಚ್ಚಿಕೊಳ್ಳಬೇಕು, ಅಲ್ವಾ? ನಮ್ಮ ಮಳೆಗಾಲದಲ್ಲಿ ಬಿಚ್ಚಲಿಲ್ಲ. ಮೇಲೆ ಒಣಗಿದ ಹಾಗೆ ಕಂಡರೂ ಹೆಂಟೆಯ ಒಳಗೆ ತೇವ, ಎಣ್ಣೆ ಹೀರುವುದೇ ಇಲ್ಲ. ಎರಡು ಮೂರು ಸಾವಿರದ ಸೀಮೆಎಣ್ಣೆ ಸುಮ್ನೆ ಹೋಯ್ತು. ಹೈಡ್ರೋಜನ್ ಪೆರಾಕ್ಸೈಡ್‌ಗೂ ಹೆಚ್ಚುಕಡಿಮೆ ಅಷ್ಟೇ ಸುರಿದೆ. ನೊರೆ ಬಂತು, ಹೆಂಟೆ ಜಗ್ಗಲಿಲ್ಲ. ಕೊನೆಗೆ ತೀರ್ಥಹಳ್ಳಿ ಭಾವನ ಅಡಿಕೆ ಡ್ರೈಯರ್‌ನಲ್ಲಿ ಒಂದು ರಾತ್ರಿ ಹರಡಿಟ್ಟೆ. ಆಮೇಲೆ ಎಣ್ಣೆ ಕುಡಿಸಿ ನೀರು ಹಾಕಿದ್ದೇ ತಡ, ಗಂಜಿಯಾಯ್ತು. ಅಡಿಕೆಗೆ ಧೂಳು ಕೂರುತ್ತೆ ಅಂತ ಅಕ್ಕ ಈಗಲೂ ಗೊಣಗುತ್ತಾಳೆ. ಎರಡನೇ ನೀರಿಗೆ ಏನು ಬೆರೆಸುತ್ತೇನೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಇನ್ನು ವಿಂಗಡಣೆ. ನಾನು ಹೆಸರು ಹುಡುಕುವುದಿಲ್ಲ, ಮೊದಲು ದವಡೆಯಲ್ಲಿ ಜಾಗ ಹುಡುಕುತ್ತೇನೆ. ಮೀನು ಮಾರ್ಕೆಟ್‌ನಲ್ಲಿ ಹೇಳಿಟ್ಟು ತಾಟೆಯ (ಶಾರ್ಕ್) ತಲೆ ತಂದು, ಕುದಿಸಿ, ಹಲ್ಲನ್ನು ಸಾಲಾಗಿ ಥರ್ಮಾಕೋಲಿಗೆ ಅಂಟಿಸಿದ್ದೇನೆ. ಮುಂದಿನವು ನೆಟ್ಟಗೆ, ಬದಿಯವು ಬಾಯಿಯ ಮೂಲೆಗೆ ವಾಲಿ, ಮೂಲೆಗೆ ಹೋದಂತೆ ಗಿಡ್ಡ. ಇಂದಿನ ತಾಟೆ ಬೇರೆ ಕುಲ, ಹಾಗಾಗಿ ಅದು ಜಾಗಕ್ಕೆ ಮಾತ್ರ ಅಳತೆಗೋಲು, ಹೆಸರಿಗಲ್ಲ. ಇದರಿಂದ ಕ್ರೆಟಲಾಮ್ನಾ ಅನ್ನೋ ಹಳೇ ಕಾಲದ ಶಾರ್ಕ್ ಸರಿಹೋಯ್ತು. ಅದರ ತೆಳ್ಳನೆ ಮುಂದಿನ ಹಲ್ಲು, ಅಗಲದ ಬದಿ ಹಲ್ಲು ಬೇರೆ ಬೇರೆ ಡಬ್ಬಿಯಲ್ಲಿದ್ದವು. ಎರಡರ ಅಂಚೂ ನುಣುಪು, ಬುಡದ ಎರಡೂ ಕಡೆ ಪುಟ್ಟ ಮೊನೆ. ಸ್ಕ್ವಾಲಿಕೊರಾಕ್ಸ್ ಅನ್ನೋ ಇನ್ನೊಂದು ಶಾರ್ಕ್‌ನಲ್ಲಿ ಆ ಮೊನೆ ಇಲ್ಲ, ಅಂಚು ಗರಗಸ. ಟೈಕೋಡಸ್ ಶಾರ್ಕ್‌ನ ಹಲ್ಲಿಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಕಿಲ್ಲ. ಚಿಪ್ಪು ಅರೆಯುವ ಗೀರುಗಲ್ಲು ಅದು, ಮಗುವೂ ಗುರುತಿಸುತ್ತೆ.

ನಡುವೆ ಪಾಂಬೋಲ್ ಮೀನಿನ ಕೋರೆಹಲ್ಲೂ ಕಿತ್ತು ನೋಡಿದೆ. ತುದಿಯ ಹತ್ತಿರ ಗಾಳದ ಹಾಗೆ ಒಂದು ಮುಳ್ಳು. ಕ್ರಿಟೇಷಿಯಸ್‌ನ ಎಂಕೋಡಸ್ ಅನ್ನೋ ಮೀನಿನ ಕೆಲವು ಜಾತಿಗಳಿಗೂ ಇಂಥದ್ದೇ ಇದೆ. ಸಂಬಂಧವಿಲ್ಲದ ಎರಡು ಮೀನು, ಒಂದೇ ಆಯುಧ! ಮುಳ್ಳೊಂದನ್ನೇ ನಂಬಿ ಕುಲ ಹೇಳಬಾರದು ಅಂತ ಅಲ್ಲಿಗೆ ಖಾತ್ರಿಯಾಯ್ತು. ಮೀನು ಸಾರಿಗೆ ಹೋಯ್ತು.

ಸೂಕ್ಷ್ಮದರ್ಶಕ ಸೆಕೆಂಡ್ ಹ್ಯಾಂಡ್, ಒಂಬತ್ತು ಸಾವಿರದ ಆಸುಪಾಸು. ಜರಡಿ, ಲಾರಿ ಬಾಡಿಗೆ ಎಲ್ಲ ಸೇರಿ ಇಪ್ಪತ್ತು ದಾಟಿರಬೇಕು. ಹೋದ ವರ್ಷ ನೂರರಷ್ಟು ಹಲ್ಲನ್ನು ಹೆಸರು ಬರೆಯದೆ, ಬರೀ ನಂಬರ್ ಹಾಕಿ, ಮೊದಲು ನಕ್ಕಿದ್ದ ಒಬ್ಬ ತಜ್ಞರಿಗೇ ಕಳಿಸಿದೆ. ಬಹುಪಾಲು ನನ್ನ ಗುಂಪುಗಳೇ ಅವರಿಗೂ ಬಂದವು. ಐದಾರು ಮೂಲೆ ಹಲ್ಲಿನ ಬಗ್ಗೆ ಇನ್ನೂ ಫೋನಿನಲ್ಲಿ ಜಗಳ ನಡೀತಿದೆ.