ವಾರ ಬಿಟ್ಟು ತಿಂಗಳ ಲೆಕ್ಕ ಹಿಡಿದೆವು

ಬಳ್ಳಾರಿಯಲ್ಲಿ ನಮ್ಮದು ಲೆಕ್ಕಪತ್ರ, ಜಿಎಸ್‌ಟಿ ಕೆಲಸ ನೋಡಿಕೊಳ್ಳುವ ಸಣ್ಣ ಕಂಪನಿ. ಸಿರುಗುಪ್ಪ, ಗಂಗಾವತಿ ಕಡೆಯ ರೈಸ್ ಮಿಲ್‌ಗಳು, ಊರೊಳಗಿನ ಜೀನ್ಸ್ ಹೊಲಿಯುವ ಯೂನಿಟ್‌ಗಳು ನಮ್ಮ ಗಿರಾಕಿಗಳು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಎಲ್ಲರೂ ಮನೆಯಿಂದಲೇ ಕೆಲಸ ಮಾಡಿದರು. ಕೋವಿಡ್‌ನ ಎರಡನೇ ಅಲೆ ತಗ್ಗಿದ ಮೇಲೆ ಯಾರು ಯಾವಾಗ ಆಫೀಸಿಗೆ ಬರಬೇಕು, ಯಾವಾಗ ಮನೆಯಿಂದ ಕೆಲಸ ಮಾಡಬಹುದು ಅನ್ನುವುದನ್ನು ತೀರ್ಮಾನಿಸುವ ಹೊಣೆ ಆಡಳಿತ ನೋಡುವ ನನ್ನ ಮೇಲೆ ಬಿತ್ತು.

ಯಜಮಾನರಿಗೆ ಎಲ್ಲರೂ ಕಣ್ಣೆದುರಿಗೆ ಇರಬೇಕಿತ್ತು. ಸಿಬ್ಬಂದಿಯಲ್ಲಿ ಹಲವರು ಲಾಕ್‌ಡೌನಿನಲ್ಲಿ ನಡೆದದ್ದು ಈಗೇಕೆ ನಡೆಯದು ಎಂದರು. ಆದರೆ ಆಗ ಸರ್ಕಾರವೇ ಗಡುವುಗಳನ್ನು ಮುಂದೂಡಿತ್ತು, ಗಿರಾಕಿಗಳ ವ್ಯಾಪಾರವೂ ನಿಂತಿತ್ತು. ಆ ತಿಂಗಳುಗಳನ್ನು ಅಳತೆಗೋಲು ಮಾಡಿಕೊಳ್ಳಲು ನಾನು ಒಪ್ಪಲಿಲ್ಲ.

ವಾರಕ್ಕೆ ಮೂರು ದಿನ ಆಫೀಸು ಅನ್ನುವ ಬೆಂಗಳೂರಿನ ಸೂತ್ರವೂ ನಮಗೆ ಹೊಂದಲಿಲ್ಲ. ನಮ್ಮ ಕೆಲಸ ನಡೆಯುವುದು ತಾರೀಖಿನ ಮೇಲೆ. ತಿಂಗಳ 7ಕ್ಕೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಂಡ ಆದಾಯ ತೆರಿಗೆ ಕಟ್ಟಬೇಕು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತಿಂಗಳ ಜಿಎಸ್‌ಟಿ ಲೆಕ್ಕ ತೋರಿಸಿ ತೆರಿಗೆ ಕಟ್ಟುವ 3ಬಿ ರಿಟರ್ನ್. ಆ ದಿನಗಳು ಹತ್ತಿರ ಬಂದಾಗ ಒಂದು ಬಿಲ್ಲಿನ ತೆರಿಗೆ ತಾಳೆಯಾಗದಿದ್ದರೆ ಪಕ್ಕದ ಮೇಜಿನವರನ್ನು ಕೇಳಿದರೆ ಕೂಡಲೇ ಬಗೆಹರಿಯುತ್ತದೆ. ಫೋನಿನಲ್ಲಾದರೆ ಅರ್ಧ ದಿನ ಹೋಗುತ್ತದೆ. ಮಿಲ್‌ಗಳ ಬಿಲ್ಲುಗಳು ಇವತ್ತಿಗೂ ಕಟ್ಟುಕಟ್ಟಾಗಿ ಕಾಗದದಲ್ಲೇ ಬರುತ್ತವೆ. ಗಿರಾಕಿಗಳ ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವ್‌ನಂಥ ಟೋಕನ್‌ಗಳಂತೂ ಯಾರ ಮನೆಗೂ ಹೋಗಕೂಡದು. ಅದು ಅವರ ಸಹಿ, ಕಳೆದರೆ ನಂಬಿಕೆಯೇ ಹೋಯಿತು. ಹೀಗಾಗಿ ತಿಂಗಳ 5ರಿಂದ 11, 16ರಿಂದ 20 ಎಲ್ಲರೂ ಆಫೀಸಿನಲ್ಲಿ. ಉಳಿದ ದಿನ ಅವರವರ ಇಷ್ಟ ಎಂದು ಬರೆದೆ. ಟೋಕನ್ ಬೀರುವಿನಲ್ಲಿ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾ ಆಫೀಸಿನ ಕಂಪ್ಯೂಟರಿನಲ್ಲಿ. ಮನೆಯಲ್ಲಿರುವವರು ಅಲ್ಲಿಂದಲೇ ಅದಕ್ಕೆ ಲಾಗಿನ್ ಆಗಬೇಕು.

'ಅವರವರ ಇಷ್ಟ' ಎಂದು ಬರೆಯುವ ಮೊದಲು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮನೆಯ ಸ್ಥಿತಿ ಕೇಳಿದ್ದೆ. ಇದನ್ನು ಯಾವ ಕಂಪನಿಯೂ ಬಿಡಬಾರದು. ಕೌಲ್ ಬಜಾರಿನ ಒಬ್ಬ ಹುಡುಗನದು ತಗಡಿನ ಮನೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಮಧ್ಯಾಹ್ನ ಅಲ್ಲಿ ಕೂರಲಿಕ್ಕೇ ಆಗದು. ಎರಡು ಮಕ್ಕಳ ತಾಯಿಯೊಬ್ಬಳು ಅಂದಳು: "ಅಕ್ಕಾ, ಮನ್ಯಾಗ ಕುಂತ್ರ ನಾನು ಕೆಲಸದಾಗ ಅದೀನಿ ಅಂತ ಯಾರೂ ತಿಳ್ಕೊಳ್ಳಂಗಿಲ್ಲ. ನಾ ದಿನಾ ಆಫೀಸಿಗೇ ಬರ್ತೀನಿ." ಮನೆಯಿಂದ ಕೆಲಸ ಅಂದರೆ ಹೆಣ್ಣುಮಕ್ಕಳಿಗೆ ಅನುಕೂಲ ಎಂದು ಊಹಿಸಿಕೊಂಡು ನಿಯಮ ಮಾಡಿದ್ದರೆ ಅವಳಿಗೆ ಅನ್ಯಾಯವಾಗುತ್ತಿತ್ತು. ಮದುವೆಯಾಗಿ ಸಿಂಧನೂರಿಗೆ ಹೋದ ಇನ್ನೊಬ್ಬಳಿಗೆ ಇದೇ ವ್ಯವಸ್ಥೆ ನೌಕರಿ ಉಳಿಸಿತು. ಗಡುವಿನ ದಿನಗಳಲ್ಲಿ ಅವಳು ಇಲ್ಲಿ ತವರಿನಲ್ಲಿ ಉಳಿದು ಆಫೀಸಿಗೆ ಬರುತ್ತಾಳೆ.

ಮನೆಯಲ್ಲಿ ಕೂರುವವರಿಗೆ ಇಂಟರ್ನೆಟ್ ಖರ್ಚು, ಕರೆಂಟು ಹೋದಾಗ ರೂಟರ್ ನಡೆಯಲು ಸಣ್ಣ ಯುಪಿಎಸ್ ಕಂಪನಿಯೇ ಕೊಡಬೇಕೆಂದು ಹಟ ಹಿಡಿದೆ. ಯಜಮಾನರು ಮೊದಲು ತಕರಾರು ತೆಗೆದರು. ಗಡುವು ತಪ್ಪಿದರೆ ಗಿರಾಕಿ ಕಟ್ಟುವ ಲೇಟ್ ಫೀ, ಬಡ್ಡಿ ಮುಂದಿಟ್ಟಾಗ ಒಪ್ಪಿದರು.

ಹೊಸದಾಗಿ ಸೇರಿದವರಿಗೆ ಮಾತ್ರ ಈ ಸವಲತ್ತಿಲ್ಲ. ಮೊದಲ ಆರು ತಿಂಗಳು ಅವರು ದಿನವೂ ಬರಬೇಕು, ಜೊತೆಗೆ ಒಬ್ಬ ಹಿರಿಯರು ಸರದಿ ಮೇಲೆ ಆಫೀಸಿನಲ್ಲಿರಬೇಕು. ಕಲಿಸುವ ಆ ದಿನಗಳಲ್ಲಿ ಹಿರಿಯರ ಮೇಲಿನ ಫೈಲುಗಳನ್ನು ಕಡಿಮೆ ಮಾಡುತ್ತೇವೆ.