ಬಂಡೆಗಳ ಸೀಮೆಯಲ್ಲಿ ಬಂದೂಕು ಹಿಡಿಯುವವರಿಗೆ

ಗಂಗಾವತಿಯಿಂದ ಆನೆಗೊಂದಿವರೆಗೆ, ಕಂಪ್ಲಿ ಮತ್ತು ಮಸ್ಕಿಯ ಸುತ್ತಮುತ್ತ, ಹೊಲ ಮುಗಿದಲ್ಲೇ ಬಂಡೆ ಶುರುವಾಗುತ್ತದೆ. ಈ ಸೀಮೆಯಲ್ಲಿ ಬಂದೂಕು ಇಟ್ಟುಕೊಂಡವರಿಗೆ ಮೊದಲ ಪಾಠ ಇದೇ: ಕಲ್ಲು ಛರ್ರೆಯನ್ನು (ಕಾಡತೂಸಿನೊಳಗಿನ ಸೀಸದ ಗುಂಡುಗಳನ್ನು) ನುಂಗುವುದಿಲ್ಲ, ತಿರುಗಿಸಿ ಕಳಿಸುತ್ತದೆ. ಎಸ್‌ಜಿ ಎಂಬ ದಪ್ಪ ಛರ್ರೆಯ ಕಾಡತೂಸಿನಲ್ಲಿ ಸುಮಾರು 8.4 ಮಿ.ಮೀ. ದಪ್ಪದ ಒಂಬತ್ತು ಗುಂಡುಗಳಿರುತ್ತವೆ. ಓರೆಯಾಗಿ ಬಂಡೆಗೆ ಬಡಿದರೆ ಅವು ಎತ್ತ ಸಿಡಿಯುತ್ತವೆಂದು ಯಾರೂ ಹೇಳಲಾರರು. ನೀರೂ ಹಾಗೆಯೇ. ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ನಿಂತ ನೀರಿನ ಮೇಲೆ ತಗ್ಗಾಗಿ ಹಾರಿಸಿದ ಛರ್ರೆ, ಮಕ್ಕಳು ಕೆರೆಯಲ್ಲಿ ಎಸೆದ ಚಪ್ಪಟೆ ಕಲ್ಲಿನಂತೆ ಪುಟಿಯುತ್ತದೆ. ಹಸಿ ಎರೆಮಣ್ಣಿನ ಎತ್ತರದ ಒಡ್ಡು ಮಾತ್ರ ನಂಬಿಕಸ್ಥ ತಡೆ. ಗುರಿಯ ಹಿಂದೆ ಅಂಥ ಮಣ್ಣಿಲ್ಲವೆಂದರೆ ಕುದುರೆ (ಟ್ರಿಗರ್) ಎಳೆಯಬಾರದು.

ದೂರದ ಲೆಕ್ಕವನ್ನೂ ತಲೆಯಲ್ಲಿಟ್ಟುಕೊಳ್ಳಿ. ಛರ್ರೆ ಗುರಿಗೆ ಸರಿಯಾಗಿ ತಾಗುವುದು 35ರಿಂದ 40 ಮೀಟರಿನೊಳಗೆ. ಆದರೆ 6ನೇ ನಂಬರಿನ ಸಣ್ಣ ಛರ್ರೆ 200 ಮೀಟರಿನಾಚೆಗೂ ಹೋಗಿ ಬೀಳುತ್ತದೆ, ಎಸ್‌ಜಿ ಅರ್ಧ ಕಿಲೋಮೀಟರ್ ತಲುಪಬಲ್ಲದು. ಜೋಳ ಆಳೆತ್ತರ ಬೆಳೆದ ಹೊಲದಲ್ಲಿ ಆ ಅರ್ಧ ಕಿಲೋಮೀಟರಿನೊಳಗೆ ಕಳೆ ಕೀಳುವವರು, ಕುರಿ ಕಾಯುವವರು ಕಣ್ಣಿಗೆ ಬೀಳುವುದೇ ಇಲ್ಲ.

ಬೆಳೆ ಕಾಯಲೆಂದು ಲೈಸೆನ್ಸ್ ಸಿಕ್ಕಿದೆ ಎಂದಮಾತ್ರಕ್ಕೆ ಪ್ರಾಣಿ ಕೊಲ್ಲುವ ಅನುಮತಿ ಸಿಕ್ಕಂತಲ್ಲ. ನವಿಲು, ಕೃಷ್ಣಮೃಗ, ದರೋಜಿ ಕಡೆಯ ಕರಡಿ ಎಲ್ಲವೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಕಾಡುಹಂದಿ ಕಾಟವಿದ್ದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸಿ ಜನರ ಪ್ರಾಣಕ್ಕೆ ಅಪಾಯ ತಂದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಇಲ್ಲದ ತಮ್ಮನ ಕೈಗೋ ಆಳಿನ ಕೈಗೋ ಬಂದೂಕು ಕೊಟ್ಟು ಕಾವಲಿಗೆ ಕಳಿಸುವಂತಿಲ್ಲ. ಅಭ್ಯಾಸ ಮಾಡಬೇಕಾದದ್ದು ಅನುಮತಿ ಪಡೆದ ರೇಂಜಿನಲ್ಲಿ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಸೇರಿಕೊಳ್ಳುವುದು ಒಳ್ಳೆಯ ಆರಂಭ.

ಬಂದೂಕು ಕೈಗೆ ತೆಗೆದುಕೊಳ್ಳುವ ಕ್ರಮ ಪ್ರತಿ ಸಲವೂ ಒಂದೇ ಇರಲಿ. ನಳಿಗೆಯ ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ. ಬೆರಳು ಕುದುರೆಯ ಹೊರಗೆ, ಅದರ ಸುತ್ತಲಿನ ಕಾಪಿನ (ಟ್ರಿಗರ್ ಗಾರ್ಡ್) ಮಗ್ಗುಲಿಗೆ ನೇರವಾಗಿರಲಿ. ಮೇಲಿನ ಸನ್ನೆ ತಳ್ಳಿ ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆಯಿರಿ. ಕಾಡತೂಸು ಕೂರುವ ಎರಡೂ ಕೋಣೆಗಳನ್ನು ಕಣ್ಣಿಂದ ನೋಡಿ, ಕತ್ತಲಿದ್ದರೆ ಕಿರುಬೆರಳು ಹಾಕಿ ತಡಕಿ. ಬಂದೂಕು ಕೊಡುವವರು ನೋಡಿದ್ದರೂ ತೆಗೆದುಕೊಳ್ಳುವವರು ಮತ್ತೆ ನೋಡಬೇಕು. ಕಾಲುವೆ ದಾಟುವಾಗ, ಮುಳ್ಳುಬೇಲಿ ಹಾಯುವಾಗ, ಬೈಕ್ ಹತ್ತುವಾಗ ಕಾಡತೂಸು ಜೇಬಿನಲ್ಲಿರಲಿ, ನಳಿಗೆ ತೆರೆದೇ ಇರಲಿ. ಸೇಫ್ಟಿ ಹಾಕಿದ್ದೇವೆ ಎಂಬ ಧೈರ್ಯ ಬೇಡ. ಜೋಡು ನಳಿಗೆಯ ಬಹುತೇಕ ಬಂದೂಕುಗಳಲ್ಲಿ ಸೇಫ್ಟಿ ತಡೆಯುವುದು ಕುದುರೆಯನ್ನಷ್ಟೇ. ಕೈಜಾರಿ ಬಂಡೆಯ ಮೇಲೆ ಬಿದ್ದರೆ ಸುತ್ತಿಗೆಯನ್ನು ತಡೆದಿಟ್ಟ ಒಳಗಿನ ಹಿಡಿಕೆ ಜಾರಿ ಗುಂಡು ಹಾರಬಹುದು.

ಅಜ್ಜನ ಕಾಲದಿಂದ ಬಂದ, ಹೊರಗೆ ಸುತ್ತಿಗೆ ಕಾಣುವ ಬಂದೂಕುಗಳು ಈ ಕಡೆ ಇನ್ನೂ ಇವೆ. ಅವುಗಳಲ್ಲಿ ದೊಡ್ಡ ಅಪಾಯ ಎಬ್ಬಿಸಿದ ಸುತ್ತಿಗೆಯನ್ನು ಇಳಿಸುವಾಗ. ಕಾಡತೂಸು ಒಳಗಿರುವಾಗ ಬೆವರಿದ ಹೆಬ್ಬೆರಳಿಂದ ಇಳಿಸಲು ಹೋದರೆ ಅದು ಜಾರುತ್ತದೆ. ಮೊದಲು ಬಂದೂಕು ತೆರೆಯಿರಿ, ಕಾಡತೂಸು ಹೊರಗೆ ತೆಗೆಯಿರಿ, ಸುತ್ತಿಗೆ ಇಳಿಸುವುದು ಆಮೇಲೆ. ಹಳೆಯ ನಳಿಗೆಯ ಮೇಲೆ ನೀರಿನ ಅಲೆಯಂಥ ಗೆರೆಗಳು ಕಂಡರೆ ಅದು ಡಮಾಸ್ಕಸ್, ಅಂದರೆ ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ನಳಿಗೆ ಇರಬಹುದು. ಲೈಸೆನ್ಸ್ ಪಡೆದ ಬಂದೂಕು ರಿಪೇರಿಯವರು ಪರೀಕ್ಷಿಸಿ ಹೇಳುವವರೆಗೆ ಈಗಿನ ಕಾಡತೂಸು ಹಾಕಲೇಬೇಡಿ.

ಕಾಡತೂಸಿನಲ್ಲಿ ನೋಡಬೇಕಾದದ್ದು ಎರಡು: ಬೋರ್ (ನಳಿಗೆಯ ಒಳ ಅಗಲದ ಅಳತೆ) ಮತ್ತು ಉದ್ದ. 65 ಮಿ.ಮೀ. ಕೋಣೆಗೆ 70 ಮಿ.ಮೀ. ಕಾಡತೂಸು ಸರಾಗವಾಗಿ ಕೂರುತ್ತದೆ, ಆದರೆ ಸುಟ್ಟಾಗ ಬಿಚ್ಚಿಕೊಳ್ಳುವ ಬಾಯಿಗೆ ಜಾಗ ಸಾಲದೆ ಒತ್ತಡ ಏರುತ್ತದೆ. 12 ಬೋರಿನ ನಳಿಗೆಗೆ ಅದಕ್ಕಿಂತ ಸಣ್ಣದಾದ 20 ಬೋರಿನ ಕಾಡತೂಸು ಬಿದ್ದರೆ ಇನ್ನೂ ಕೆಟ್ಟದ್ದು. ಅದು ಕೋಣೆ ದಾಟಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದೆ ಖಾಲಿ ಕಾಣುತ್ತದೆ. ಅದರ ಮೇಲೆ 12 ಬೋರಿನದು ಹಾಕಿ ಹಾರಿಸಿದರೆ ನಳಿಗೆ ಎಡಗೈ ಹಿಡಿದಲ್ಲೇ ಸೀಳುತ್ತದೆ. ಎರಡು ಬೋರಿನ ಕಾಡತೂಸುಗಳನ್ನು ಒಂದೇ ಚೀಲದಲ್ಲಿ ಬೆರೆಸಬೇಡಿ.

ಎರೆಹೊಲದಲ್ಲಿ ಮತ್ತೊಂದು ಕಾಟ, ಮಣ್ಣು. ಮಳೆಯಾದ ಮೇಲೆ ಎರೆ ಕಾಲಿಗೆ ಅಂಟಿದಂತೆ ನಳಿಗೆಯ ಬಾಯಿಗೂ ಮೆತ್ತಿಕೊಳ್ಳುತ್ತದೆ. ಒಂದು ಹಿಡಿ ಕೆಸರು ಸಾಕು ನಳಿಗೆ ಉಬ್ಬಲು. ನೆಲಕ್ಕೆ ತಾಗಿದ ಅನುಮಾನ ಬಂದರೆ ಖಾಲಿ ಮಾಡಿ, ಹಿಂದಿನಿಂದ ಬೆಳಕಿಗೆ ಹಿಡಿದು ನಳಿಗೆಯ ಒಳಗನ್ನು ನೋಡಿ.

ಇನ್ನು ಗುರಿ. ಮೊದಲು ನಿಮ್ಮ ಪ್ರಬಲ ಕಣ್ಣು ಯಾವುದೆಂದು ತಿಳಿಯಿರಿ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ಮಾಡಿ, ಎಡಗಣ್ಣು ಮುಚ್ಚಿ. ಬೆರಳು ಕಂಬದ ಮೇಲೇ ಇದ್ದರೆ ಬಲಗಣ್ಣು ಪ್ರಬಲ, ಪಕ್ಕಕ್ಕೆ ಜಿಗಿದರೆ ಎಡಗಣ್ಣು. ಬಲಗೈಯವರಿಗೆ ಎಡಗಣ್ಣು ಪ್ರಬಲವಾಗಿದ್ದರೆ ಕನ್ನಡಕದ ಎಡ ಗಾಜಿಗೆ ಚಿಕ್ಕ ಟೇಪ್ ತುಂಡು ಅಂಟಿಸಿ, ಇಲ್ಲವೇ ಎಡಭುಜದಿಂದ ಹಾರಿಸಲು ಕಲಿಯಿರಿ.

ಬಲಗೈಯವರ ಎಡಗಾಲು ಅರ್ಧ ಹೆಜ್ಜೆ ಮುಂದೆ, ಮೈಭಾರ ಆ ಕಾಲಿನ ಮೇಲೆ ತುಸು ಹೆಚ್ಚು. ಬಂದೂಕಿನ ಮರದ ಹಿಡಿ ಮೊದಲು ಕೆನ್ನೆಗೆ ಬರಲಿ, ಭುಜ ಅದಕ್ಕೆ ತಾನಾಗಿ ಮುಂದೆ ಬರಲಿ. ತಲೆ ಬಗ್ಗಿಸಿ ಬಂದೂಕಿನತ್ತ ಹೋಗಬೇಡಿ. ಭುಜ ನೀಲಿಗಟ್ಟುತ್ತಿದೆ ಎಂದರೆ ಹಿಡಿ ಭುಜದ ಒಳಗುಳಿಯಲ್ಲಿ ಕೂರದೆ ತೋಳಿನ ಮೂಳೆಯ ಮೇಲೆ ಕೂತಿದೆ. ಗುಂಡು ಮೇಲೆ ಹೋಗುತ್ತಿದೆ ಎಂದರೆ ಹಾರಿಸುವ ಹೊತ್ತಿಗೆ ಕೆನ್ನೆ ಏಳುತ್ತಿದೆ. ಅಭ್ಯಾಸಕ್ಕೆ ಹಾರಿಬಿಡುವ ಮಣ್ಣಿನ ತಟ್ಟೆಯ ಹಿಂದೆ ಛರ್ರೆ ಬೀಳುತ್ತಿದೆ ಎಂದರೆ ಕುದುರೆ ಎಳೆಯುವ ಕ್ಷಣ ಕೈ ನಿಲ್ಲುತ್ತಿದೆ. ತಟ್ಟೆಯ ಹಿಂದಿನಿಂದ ಬಂದು, ದಾಟಿ, ಎಳೆದ ಮೇಲೂ ಬಂದೂಕು ಚಲಿಸುತ್ತಲೇ ಇರಬೇಕು. ಖಾಲಿ ಬಂದೂಕಿಗೆ ಡಮ್ಮಿ ಕಾಡತೂಸು ಹಾಕಿ ದಿನಕ್ಕೆ 20 ಸಲ ಕೆನ್ನೆಗೆ ತಂದು ನೋಡಿದರೆ, ಒಂದು ಡಬ್ಬಿ ಕಾಡತೂಸು ಸುಡುವುದಕ್ಕಿಂತ ಹೆಚ್ಚು ಕಲಿಯಬಹುದು.

ಎರಡು ಕುದುರೆಗಳಿದ್ದರೆ ಸಾಮಾನ್ಯವಾಗಿ ಮುಂದಿನದು ಬಲ ನಳಿಗೆಗೆ, ಹಿಂದಿನದು ಬಾಯಿ ಹೆಚ್ಚು ಬಿಗಿಯಾದ (ಹೆಚ್ಚು ಚೋಕ್ ಇರುವ) ಎಡ ನಳಿಗೆಗೆ. ಬಿಗಿ ಎಷ್ಟೆಂದು ತಿಳಿಯಲು ರೇಂಜಿನಲ್ಲಿ 40 ಗಜ ದೂರಕ್ಕೆ ದೊಡ್ಡ ಹಾಳೆ ಕಟ್ಟಿ ಹಾರಿಸಿ. ತೂತು ದಟ್ಟವಾಗಿರುವಲ್ಲಿ 30 ಅಂಗುಲ ಅಗಲದ ವೃತ್ತ ಎಳೆದು ಎಣಿಸಿ. ಕಾಡತೂಸಿನ ಒಟ್ಟು ಛರ್ರೆಯ ನೂರಕ್ಕೆ 40 ವೃತ್ತದಲ್ಲಿದ್ದರೆ ಸಿಲಿಂಡರ್ (ಬಿಗಿ ಇಲ್ಲದ ನಳಿಗೆ), 60 ಇದ್ದರೆ ಹಾಫ್ ಚೋಕ್, 70 ಇದ್ದರೆ ಫುಲ್ ಚೋಕ್. ಕಿವಿಗೆ ಮಫ್ ಅಥವಾ ಪ್ಲಗ್, ಕಣ್ಣಿಗೆ ಕನ್ನಡಕ ಇಲ್ಲದೆ ಒಂದು ಗುಂಡೂ ಬೇಡ. ಒಮ್ಮೆ ಹೋದ ಶ್ರವಣ ಮರಳುವುದಿಲ್ಲ.

ಕುದುರೆ ಎಳೆದರೂ ಹಾರದಿದ್ದರೆ ನಳಿಗೆಯನ್ನು ಒಡ್ಡಿನತ್ತಲೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ಮದ್ದು ತಡವಾಗಿ ಹೊತ್ತಬಹುದು. ಸದ್ದು 'ಪುಸ್' ಎಂದು ಮಂದವಾಗಿ ಬಂದರೆ ಇನ್ನೊಂದು ಗುಂಡು ಹಾರಿಸಬೇಡಿ. ಮದ್ದು ಮತ್ತು ಛರ್ರೆಯ ನಡುವಿನ ಬಿಲ್ಲೆ (ವ್ಯಾಡ್) ನಳಿಗೆಯಲ್ಲೇ ಸಿಕ್ಕಿರುವ ಸಾಧ್ಯತೆ ಇದೆ. ಖಾಲಿ ಮಾಡಿ, ಒಳಗೆ ಬೆಳಕು ಹಾಯುತ್ತದೆಯೇ ನೋಡಿ.

ಮನೆಗೆ ಬಂದಮೇಲೆ ಮೊದಲು ಕೈ ಸೋಪಿನಿಂದ ತೊಳೆಯಿರಿ, ಛರ್ರೆ ಸೀಸದ್ದು. ಆಮೇಲೆ ಕೋಣೆಯ ಕಡೆಯಿಂದ ಕಂಚಿನ ಬ್ರಷ್, ಒಣ ಬಟ್ಟೆ, ಕೊನೆಗೆ ಬಂದೂಕಿನ ಎಣ್ಣೆಯ ತೆಳು ಲೇಪ. ಎಣ್ಣೆ ಸುರಿದರೆ ಧೂಳು ಕಟ್ಟಿ ಕೀಲು ಬಿಗಿಯುತ್ತದೆ, ಮರದ ಹಿಡಿಯೂ ಮೆತ್ತಗಾಗುತ್ತದೆ. ಬಂದೂಕು ಒಂದು ಬೀಗದಲ್ಲಿ, ಕಾಡತೂಸು ಮತ್ತೊಂದು ಬೀಗದಲ್ಲಿ, ಕೀಲಿ ಮಕ್ಕಳ ಕಣ್ಣಿಗೆ ಬೀಳದಲ್ಲಿ. ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಶೆಡ್ಡು ಅಥವಾ ಟ್ರ್ಯಾಕ್ಟರ್ ಪೆಟ್ಟಿಗೆಯಲ್ಲಿ ಕಾಡತೂಸು ಬಿಡಬೇಡಿ. ಮಣ್ಣಿನ ಗೋಡೆಯ, ಒಣಗಿದ ತಂಪು ಕೋಣೆ ಇದ್ದರೆ ಅಲ್ಲಿಡಿ, ಡಬ್ಬಿಯ ಮೇಲೆ ಕೊಂಡ ತಿಂಗಳು ಬರೆದಿಡಿ.